ಪೊಲೀಸರಿಗೆ ತುರ್ತು ಚಿಕಿತ್ಸೆಯ ತರಬೇತಿ: ಮೊದಲ ವರ್ಷಕ್ಕೆ ಹಣವಿದೆ, ಎರಡನೆಯ ವರ್ಷಕ್ಕೆ ಯಾರು ಕೊಡುತ್ತಾರೆ?

ತರಬೇತಿ ಕೋಣೆ
ಪೊಲೀಸ್ ಇಲಾಖೆಯ ತರಬೇತಿ ವಿಭಾಗದಲ್ಲಿದ್ದೇನೆ. ಸುಮಾರು ಮುನ್ನೂರು ಸಿಬ್ಬಂದಿಯ ತರಬೇತಿ ನನ್ನ ಹೊಣೆ. ಕಳೆದ ತಿಂಗಳು ನಮ್ಮ ಗಸ್ತು ವಾಹನವೊಂದು ಅಪಘಾತದ ಸ್ಥಳಕ್ಕೆ ಆಂಬ್ಯುಲೆನ್ಸಿಗಿಂತ ಹನ್ನೊಂದು ನಿಮಿಷ ಮೊದಲೇ ತಲುಪಿತು. ಗಾಯಗೊಂಡವನ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ನಮ್ಮವರಿಬ್ಬರು ಜನರನ್ನು ಹಿಂದೆ ಸರಿಸಿದರು, ರಸ್ತೆ ತೆರವು ಮಾಡಿದರು, ವೈರ್‌ಲೆಸ್‌ನಲ್ಲಿ ಮೂರು ಸಲ ಆಂಬ್ಯುಲೆನ್ಸ್ ಕೇಳಿದರು. ಕಲಿಸಿದ್ದನ್ನೆಲ್ಲ ಸರಿಯಾಗಿಯೇ ಮಾಡಿದರು. ರಕ್ತ ನಿಲ್ಲಿಸುವುದನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ. ಆ ಹುಡುಗ ಉಳಿಯಲಿಲ್ಲ. ಇಬ್ಬರಲ್ಲಿ ಕಿರಿಯವನು ಮರುದಿನ ನನ್ನ ಕೋಣೆಗೆ ಬಂದು, "ಸರ್, ನಾನು ಕೈಯಿಂದ ಒತ್ತಿ ಹಿಡಿದಿದ್ದರೆ ಬದುಕುತ್ತಿದ್ದನೇ?" ಎಂದು ಕೇಳಿದ. ನನ್ನಿಂದ ಉತ್ತರ ಕೊಡಲಾಗಲಿಲ್ಲ.

ಈಗ ವ್ಯಾಪಾರಿಗಳ ಸಂಘವೊಂದು ಮುಂದೆ ಬಂದಿದೆ. ಎಲ್ಲ ವಾಹನಗಳಿಗೂ ರಕ್ತಸ್ರಾವ ತಡೆಯುವ ಕಿಟ್, ಎಲ್ಲರಿಗೂ ಒಂದು ದಿನದ ತರಬೇತಿ, ಪೂರ್ತಿ ಖರ್ಚು ಅವರದೇ. ನಾನು ಖುಷಿಯಿಂದ ಕಡತ ತೆಗೆದುಕೊಂಡು ಹೋದೆ. ಮೇಲಧಿಕಾರಿ ಓದಿ ಕೇಳಿದ್ದು ಎರಡೇ ಪದ: "ಮುಂದಿನ ವರ್ಷ?"

ಈ ದಾನವನ್ನು ಒಪ್ಪಿಕೊಳ್ಳಬೇಕೇ, ಅಥವಾ ಇಲಾಖೆಯ ಸ್ವಂತ ಹಣ ಬರುವ ತನಕ ಕಾಯಬೇಕೇ? ಅನುಭವ ಇರುವವರು ಹೇಳಿ.

ತುರ್ತು ಘಟಕದ ನರ್ಸ್
ಒಪ್ಪಿಕೊಳ್ಳಿ. ಕಾಯುವಿಕೆಗೂ ಬೆಲೆಯಿದೆ, ಅದನ್ನು ತೆರುವವರು ಬೇರೆ ಯಾರೋ. ದೊಡ್ಡ ರಕ್ತನಾಳ ಹರಿದರೆ ಮೂರರಿಂದ ಐದು ನಿಮಿಷದಲ್ಲಿ ಜೀವ ಹೋಗಬಹುದು. ಹನ್ನೊಂದು ನಿಮಿಷದಲ್ಲಿ ಯಾವ ಶಸ್ತ್ರಚಿಕಿತ್ಸಕರೂ ಅಲ್ಲಿಗೆ ಬರುವುದಿಲ್ಲ, ಬರುವುದು ನಿಮ್ಮವರು.

ನಿಮ್ಮ ಆ ಕಿರಿಯ ಪೊಲೀಸನಿಗೆ ನನ್ನ ಪರವಾಗಿ ಹೇಳಿ. ಒತ್ತಿ ಹಿಡಿದಿದ್ದರೆ ಗಾಯಾಳು ಉಳಿಯುತ್ತಿದ್ದನೋ ಇಲ್ಲವೋ ಎಂದು ಈಗ ಯಾರಿಂದಲೂ ಹೇಳಲು ಸಾಧ್ಯವಿಲ್ಲ. ಕಲಿಸದೇ ಇದ್ದ ವಿದ್ಯೆಗೆ ಅವನು ಅಪರಾಧಿಯಲ್ಲ.

ತೆರಿಗೆ ಕಟ್ಟುವವನು
ಎಲ್ಲರೂ ಒಪ್ಪುವ ಮೊದಲು ಒಂದು ಎದುರು ಮಾತು. ಪೊಲೀಸರ ಕೆಲಸ ಚಿಕಿತ್ಸೆ ಕೊಡುವುದಲ್ಲ. ಹನ್ನೊಂದು ನಿಮಿಷ ತಡವಾಯಿತು ಎಂದರೆ ಆಂಬ್ಯುಲೆನ್ಸ್ ಸಾಲದು ಎಂದು ಅರ್ಥ. ಆ ಹಣದಲ್ಲಿ ಇನ್ನೊಂದು ಆಂಬ್ಯುಲೆನ್ಸ್ ಕೊಳ್ಳಲಿ. ಒಂದು ಇಲಾಖೆಯ ಹುಳುಕನ್ನು ಇನ್ನೊಂದು ಇಲಾಖೆಯ ಬೆನ್ನಿಗೆ ಕಟ್ಟಿದರೆ ಎರಡೂ ಕೆಡುತ್ತವೆ.

ಆಂಬ್ಯುಲೆನ್ಸ್ ಚಾಲಕ
ಹದಿನಾಲ್ಕು ವರ್ಷದಿಂದ ಆಂಬ್ಯುಲೆನ್ಸ್ ಓಡಿಸುತ್ತಿದ್ದೇನೆ. ನಮಗೆ ಇನ್ನೊಂದು ವಾಹನ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ತೆರಿಗೆ ಕಟ್ಟುವವರು ಹೇಳಿದ ಲೆಕ್ಕ ಕೂಡುವುದಿಲ್ಲ. ವಾಹನ ಕೊಂಡರೆ ಸಾಕೇ? ಅದು ದಿನದ ಇಪ್ಪತ್ನಾಲ್ಕು ಗಂಟೆ ಓಡಬೇಕಾದರೆ ಮೂರು ಪಾಳಿಗೆ ಚಾಲಕರು, ಮೂರು ಪಾಳಿಗೆ ತುರ್ತು ಚಿಕಿತ್ಸಾ ಸಿಬ್ಬಂದಿ, ಅವರ ವಾರದ ರಜೆಗೆ ಬದಲಿಯವರು, ಇಂಧನ, ಆಮ್ಲಜನಕ, ದುರಸ್ತಿ ಎಲ್ಲವೂ ಬೇಕು. ಇಷ್ಟಾದ ಮೇಲೂ ನಾವು ಒಂದು ಕಡೆ ನಿಂತು ಕರೆಗೆ ಕಾಯುವವರು. ಪೊಲೀಸ್ ವಾಹನ ಆಗಲೇ ಬೀದಿಯಲ್ಲಿ ಸುತ್ತುತ್ತಿರುತ್ತದೆ. ನಮ್ಮ ಸಂಖ್ಯೆ ಎರಡರಷ್ಟಾದರೂ ಹಲವು ಕರೆಗಳಿಗೆ ಅವರೇ ಮೊದಲು ಮುಟ್ಟುತ್ತಾರೆ.

ಇನ್ನೊಂದು ಮಾತು. ಗಲಾಟೆ, ಚಾಕು, ಗುಂಡು ಎಂದರೆ ಸ್ಥಳ ಸುರಕ್ಷಿತ ಎಂದು ಪೊಲೀಸರು ಹೇಳುವ ತನಕ ನಮ್ಮನ್ನು ಒಳಗೆ ಬಿಡುವುದಿಲ್ಲ. ಬಿಡಲೂಬಾರದು. ಆ ಹೊತ್ತಿನಲ್ಲಿ ಒಳಗಿರುವವರು ಅವರು ಮಾತ್ರ.

ಓದುತ್ತಲೇ ಇರುವವನು
ಚಾಲಕರು ಹೇಳಿದ ಕೊನೆಯ ಮಾತಿಗೆ ಅತ್ಯಂತ ಕಹಿಯಾದ ಉದಾಹರಣೆ 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಾದ ಗುಂಡಿನ ದಾಳಿ. ಗಾಯಗೊಂಡ ಶಿಕ್ಷಕರೊಬ್ಬರು ಒಂದು ಕೋಣೆಯಲ್ಲಿ ಮೂರು ಗಂಟೆಗೂ ಹೆಚ್ಚು ಕಾಲ ರಕ್ತ ಸುರಿಸುತ್ತಾ ಬಿದ್ದಿದ್ದರು. ವಿದ್ಯಾರ್ಥಿಗಳೇ ತಮ್ಮ ಅಂಗಿಗಳನ್ನು ಒತ್ತಿ ಹಿಡಿದಿದ್ದರು. ಪೊಲೀಸ್ ಪಡೆ ಆ ಶಿಕ್ಷಕರನ್ನು ತಲುಪುವಷ್ಟರಲ್ಲಿ ಕಾಲ ಮಿಂಚಿತ್ತು.

ಅಮೆರಿಕದಲ್ಲಿ ಈ ಚಿಂತನೆ ಗಟ್ಟಿಯಾದದ್ದು ಸ್ಯಾಂಡಿ ಹುಕ್ ಶಾಲೆಯ ದಾಳಿಯ ನಂತರ. 2013ರಲ್ಲಿ ಶಸ್ತ್ರಚಿಕಿತ್ಸಕರು, ಪೊಲೀಸ್, ಅಗ್ನಿಶಾಮಕ ದಳದವರು ಒಟ್ಟಿಗೆ ಕುಳಿತು 'ಹಾರ್ಟ್‌ಫರ್ಡ್ ಒಮ್ಮತ' ಎಂಬ ಶಿಫಾರಸುಗಳನ್ನು ಹೊರತಂದರು. ರಕ್ತಸ್ರಾವ ತಡೆಯುವುದು ಪೊಲೀಸರ ಮೂಲ ಕೌಶಲಗಳಲ್ಲಿ ಒಂದಾಗಿರಬೇಕು ಎನ್ನುವುದು ಅದರ ತಿರುಳು. 2015ರ 'ಸ್ಟಾಪ್ ದ ಬ್ಲೀಡ್' ಅಭಿಯಾನ ಅದರ ಮುಂದುವರಿಕೆ, ಅದು ಸಾಮಾನ್ಯ ನಾಗರಿಕರಿಗೂ ತೆರೆದದ್ದು.

ರಾತ್ರಿ ಗಸ್ತು
ನಾನು ಕಾನ್‌ಸ್ಟೇಬಲ್. ಎಲ್ಲರೂ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮಲ್ಲಿ ಒಬ್ಬನ ಮಾತನ್ನೂ ಕೇಳಿ.

ಆರು ವರ್ಷದ ಹಿಂದೆ ನಮಗೂ ಯಾರೋ ದಾನಿಗಳು ಕಿಟ್ ಕೊಟ್ಟರು. ಸಮಾರಂಭ ಆಯಿತು, ಹಾರ ಬಿತ್ತು, ಫೋಟೋ ತೆಗೆದರು. ಮಧ್ಯಾಹ್ನ ಎರಡು ತಾಸು ಒಬ್ಬ ವೈದ್ಯರು ತೆರೆಯ ಮೇಲೆ ಚಿತ್ರ ತೋರಿಸಿದರು. ನೂರೈವತ್ತು ಜನರ ನಡುವೆ ಅಭ್ಯಾಸಕ್ಕೆ ಒಂದೇ ಒಂದು ಬೊಂಬೆ ಇತ್ತು, ಮುಂದಿನ ಸಾಲಿನವರು ಅದರ ಎದೆ ಒತ್ತಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದೆ, ಕಣ್ಣು ತೆರೆದಿಡುವುದೇ ಕಷ್ಟವಾಗಿತ್ತು.

ಆ ಕಿಟ್‌ಗಳು ಈಗಲೂ ವಾಹನದಲ್ಲಿವೆ. ಕೆಲವಕ್ಕೆ ಬೀಗವಿದೆ, ಕೀಲಿ ಠಾಣೆಯ ದಾಸ್ತಾನು ಕೋಣೆಯಲ್ಲಿದೆ. ಯಾಕೆಂದರೆ ಬಳಸಿದ್ದಕ್ಕೆ ಬದಲಿ ಬರುವುದಿಲ್ಲ, ಕಳೆದರೆ ನಮ್ಮ ಸಂಬಳದಿಂದ ಮುರಿದುಕೊಳ್ಳುತ್ತಾರೆ ಎಂಬ ಭಯ. ಇಂಥ ದಾನ ಇನ್ನೊಂದು ಬೇಡ.

ತುರ್ತು ಘಟಕದ ನರ್ಸ್
ಬೀಗವೇ? ಓದಿ ಹೊಟ್ಟೆ ಉರಿಯಿತು.

ರಾತ್ರಿ ಗಸ್ತು
ಬೀಗವೇ.

ಪ್ರಥಮ ಚಿಕಿತ್ಸೆ ಬೋಧಕಿ
ಗಸ್ತಿನವರು ಹೇಳಿದ ಎರಡು ತಾಸಿನ ತರಗತಿಗಳನ್ನು ನಾನೂ ಒಂದು ಕಾಲದಲ್ಲಿ ನಡೆಸಿದ್ದೇನೆ, ಈಗ ನಿರಾಕರಿಸುತ್ತೇನೆ. ಕೈ ಕಲಿಯದಿದ್ದರೆ ಏನೂ ಕಲಿತಂತಲ್ಲ. ಹೃದಯ ನಿಂತವರ ಎದೆ ಒತ್ತುವುದನ್ನೇ ತೆಗೆದುಕೊಳ್ಳಿ: ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ, ಆರು ಮೀರಬಾರದು, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕೇಳಿಸಿಕೊಂಡರೆ ಸುಲಭ. ಎರಡು ನಿಮಿಷ ಒತ್ತಿ ನೋಡಿ, ಗಟ್ಟಿಮುಟ್ಟಾದ ಯುವಕರೂ ಬೆವರುತ್ತಾರೆ, ತಮಗೇ ಗೊತ್ತಾಗದಂತೆ ಆಳ ಕಡಿಮೆಯಾಗಿರುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು ಎನ್ನುವುದು.

ಇನ್ನು ಮರೆವು. ಈ ಕೌಶಲ ಮೂರರಿಂದ ಆರು ತಿಂಗಳಲ್ಲಿ ಸವೆಯಲು ಶುರುವಾಗುತ್ತದೆ. ಪ್ರಮಾಣಪತ್ರದ ಮೇಲೆ ಎರಡು ವರ್ಷ ಎಂದು ಬರೆದಿರಬಹುದು, ಕೈಗಳು ಅಷ್ಟು ಕಾಲ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದು ದಿನದ ದೊಡ್ಡ ಶಿಬಿರ ಮಾಡಿ ಎರಡು ವರ್ಷ ಸುಮ್ಮನಾಗುವುದಕ್ಕಿಂತ, ಶಿಬಿರದ ನಂತರ ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ಠಾಣೆಯಲ್ಲೇ, ಹಾಜರಿ ತೆಗೆದುಕೊಳ್ಳುವ ಹೊತ್ತಿನಲ್ಲೇ ಅಭ್ಯಾಸ ಮಾಡಿಸುವುದು ಮೇಲು. ಇದಕ್ಕೆ ಬೇಕಾದದ್ದು ಠಾಣೆಗೊಂದು ಬೊಂಬೆ ಮತ್ತು ಕಲಿಸಬಲ್ಲ ಒಬ್ಬ ಸಿಬ್ಬಂದಿ.

ಲೆಕ್ಕಪತ್ರದ ನಿವೃತ್ತ
ಮೂವತ್ತು ವರ್ಷ ಸರ್ಕಾರಿ ಕಚೇರಿಗಳಲ್ಲಿ ಆಯವ್ಯಯ ಬರೆದವನು ನಾನು. ಇಲ್ಲಿ ಎಲ್ಲರೂ ಕಿಟ್‌ಗೆ ಎಷ್ಟು, ಬೋಧಕರಿಗೆ ಎಷ್ಟು ಎಂದು ಯೋಚಿಸುತ್ತಿದ್ದೀರಿ. ದೊಡ್ಡ ಖರ್ಚು ಅವೆರಡೂ ಅಲ್ಲ.

ಮುನ್ನೂರು ಜನ. ಸರಿಯಾದ ತರಬೇತಿ ಎಂದರೆ ತಲಾ ಎರಡು ದಿನ, ಅಂದರೆ ಹದಿನಾರು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು 4,800 ಗಂಟೆ. ಎಂಟು ಗಂಟೆಯ ಪಾಳಿ ಲೆಕ್ಕದಲ್ಲಿ 600 ಪಾಳಿ. ಈ 600 ಪಾಳಿಗಳಲ್ಲಿ ಠಾಣೆಯನ್ನು ಯಾರು ನೋಡಿಕೊಳ್ಳುತ್ತಾರೆ? ಬದಲಿಯವರನ್ನು ಹಾಕಿದರೆ ಅವರಿಗೆ ಹೆಚ್ಚುವರಿ ಭತ್ಯೆ ಕೊಡಬೇಕು. ಹಾಕದಿದ್ದರೆ ಸಿಬ್ಬಂದಿ ತಮ್ಮ ರಜೆಯ ದಿನ ಬಂದು ಕುಳಿತುಕೊಳ್ಳುತ್ತಾರೆ, ರಾತ್ರಿ ಗಸ್ತು ಹೇಳಿದ ಹಾಗೆ ನಿದ್ದೆಗಣ್ಣಲ್ಲಿ. ದಾನಿಗಳು ಈ ಖರ್ಚನ್ನು ಎಂದೂ ಕೊಡುವುದಿಲ್ಲ, ಏಕೆಂದರೆ ಅದರ ಫೋಟೋ ತೆಗೆಯಲಾಗುವುದಿಲ್ಲ.

ಮೇಲಧಿಕಾರಿಯ "ಮುಂದಿನ ವರ್ಷ?" ಎಂಬ ಪ್ರಶ್ನೆಯನ್ನು ಅಡ್ಡಗಾಲು ಎಂದು ತಿಳಿಯಬೇಡಿ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಉತ್ತರ ನೀವು ಬರೆದುಕೊಡಬೇಕು.

ತೆರಿಗೆ ಕಟ್ಟುವವನು
ನೋಡಿ, 600 ಪಾಳಿ! ಆರುನೂರು ಪಾಳಿ ಪೊಲೀಸರು ಬೀದಿಯಲ್ಲಿ ಇರುವುದಿಲ್ಲ. ಕಳ್ಳತನ ಹೆಚ್ಚಾದರೆ ಯಾರು ಹೊಣೆ?

ಲೆಕ್ಕಪತ್ರದ ನಿವೃತ್ತ
ಒಂದೇ ತಿಂಗಳಲ್ಲಿ ಅಲ್ಲ ಸ್ವಾಮಿ. ವರ್ಷಕ್ಕೆ ಹರಡಿದರೆ ದಿನಕ್ಕೆ ಇಬ್ಬರಿಗಿಂತ ಕಡಿಮೆ. ಮುನ್ನೂರರಲ್ಲಿ ಇಬ್ಬರು.

ಕಾನ್‌ಸ್ಟೇಬಲ್ ಮನೆಯವಳು
ನಾನು ಇಂಥ ಕಡೆ ಬರೆಯುವವಳಲ್ಲ. ನನ್ನ ಯಜಮಾನರು ಗಸ್ತಿನಲ್ಲಿದ್ದಾರೆ. ಮೂರು ವರ್ಷದ ಹಿಂದೆ ಒಂದು ಮಗು ಅವರ ಕೈಯಲ್ಲೇ ಉಸಿರು ಬಿಟ್ಟಿತು. ನೀರಿನಿಂದ ತೆಗೆದಿದ್ದರು. ಏನು ಮಾಡಬೇಕೆಂದು ತಿಳಿಯದೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಉಸಿರು ಕೊಟ್ಟು ಎದೆ ಒತ್ತಬೇಕಿತ್ತು ಎಂದು ಆಮೇಲೆ ಯಾರೋ ಹೇಳಿದರಂತೆ. ಅಂದಿನಿಂದ ರಾತ್ರಿ ಎದ್ದು ಕೂರುತ್ತಾರೆ. ನಮ್ಮ ಮಗಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತಿರುತ್ತಾರೆ.

ತರಬೇತಿಯ ಖರ್ಚು ಲೆಕ್ಕ ಹಾಕುವಾಗ ಇದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ ಎಂದು ಕೇಳಬೇಕೆನಿಸಿತು.

ತರಬೇತಿ ಕೋಣೆ
ಅಮ್ಮ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನನ್ನ ಬಳಿ ಬಂದ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಯಜಮಾನರು ಯಾರಾದರೂ ಆಪ್ತ ಸಮಾಲೋಚಕರನ್ನು ಕಾಣಲು ಒಪ್ಪಿದರೆ ದಯವಿಟ್ಟು ಕರೆದೊಯ್ಯಿರಿ.

ತುರ್ತು ಘಟಕದ ನರ್ಸ್
ನೀರಿಗೆ ಬಿದ್ದವರ ವಿಷಯ ಬಂದದ್ದರಿಂದ ಹೇಳುತ್ತೇನೆ. ಹೊಟ್ಟೆ ಅಮುಕಿ ನೀರು ತೆಗೆಯಲು, ತಲೆಕೆಳಗಾಗಿ ಹಿಡಿಯಲು ಹೋಗಬೇಡಿ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಂದ ಉಸಿರು, ನಂತರ ಎದೆ ಒತ್ತುವುದು. ಮುಳುಗಿದವರಲ್ಲಿ ಹೃದಯ ನಿಲ್ಲುವುದೇ ಆಮ್ಲಜನಕ ಇಲ್ಲದ್ದರಿಂದ, ಹಾಗಾಗಿ ಉಸಿರು ಕೊಡುವುದನ್ನು ಬಿಡುವಂತಿಲ್ಲ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಿಟ್ಟು ಬಿಟ್ಟು ಗೊರಕೆಯಂತೆ ಉಸಿರೆಳೆಯುತ್ತಾರೆ. ನೋಡಿದವರು 'ಉಸಿರಾಡುತ್ತಿದ್ದಾನೆ' ಎಂದು ಸುಮ್ಮನಾಗುತ್ತಾರೆ. ಅದು ಉಸಿರಾಟವಲ್ಲ. ಪ್ರಜ್ಞೆ ಇಲ್ಲ, ಸಹಜ ಉಸಿರಾಟ ಇಲ್ಲ ಎಂದರೆ ಒತ್ತಲು ಶುರು ಮಾಡಬೇಕು.

ಓದುತ್ತಲೇ ಇರುವವನು
ಹೃದಯದ ಮಾತು ಬಂದಾಗ ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್ ನಗರವನ್ನು ನೆನೆಯಲೇಬೇಕು. ಅಲ್ಲಿ 1990ರಿಂದಲೇ ಪೊಲೀಸ್ ಗಸ್ತು ವಾಹನಗಳಲ್ಲಿ ಎಇಡಿ ಯಂತ್ರ ಇಟ್ಟರು. ಹೃದಯದ ಲಯ ತಪ್ಪಿದಾಗ ಆಘಾತ ಕೊಟ್ಟು ಸರಿಪಡಿಸುವ ಯಂತ್ರ ಅದು. ಪೊಲೀಸರು, ಆಂಬ್ಯುಲೆನ್ಸಿನವರು ಇಬ್ಬರಿಗೂ ಏಕಕಾಲದಲ್ಲಿ ಕರೆ ಹೋಗುತ್ತಿತ್ತು, ಮೊದಲು ತಲುಪಿದವರು ಆಘಾತ ಕೊಡುತ್ತಿದ್ದರು. ಎದೆ ಒತ್ತದೆ, ಆಘಾತ ಕೊಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ ಎನ್ನುವಾಗ ಇದರ ಬೆಲೆ ತಿಳಿಯುತ್ತದೆ. ಅಲ್ಲಿನ ಬದುಕುಳಿದವರ ಪ್ರಮಾಣ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವಷ್ಟು ಚೆನ್ನಾಗಿತ್ತು.

ಲೆಕ್ಕಪತ್ರದ ನಿವೃತ್ತ
ಎಇಡಿಯಿಂದ ಎದೆಗೆ ಅಂಟಿಸುವ ಪ್ಯಾಡ್‌ಗಳಿಗೆ ಅವಧಿ ಇರುತ್ತದೆ, ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು. ಬ್ಯಾಟರಿಗೂ ಇದೆ. ಯಂತ್ರ ದಾನ ಬರುತ್ತದೆ, ಪ್ಯಾಡ್ ಯಾರೂ ದಾನ ಕೊಡುವುದಿಲ್ಲ. ಇದನ್ನೂ ಬರೆದಿಟ್ಟುಕೊಳ್ಳಿ.

ಆಂಬ್ಯುಲೆನ್ಸ್ ಚಾಲಕ
ಟೂರ್ನಿಕೆ, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಸುತ್ತಿ ಕಡ್ಡಿ ತಿರುಪಿ ಬಿಗಿಯುವ ಪಟ್ಟಿ, ಕೊಳ್ಳುವಾಗಲೂ ಎಚ್ಚರ. ಹೆಸರಾಂತ ಮಾದರಿಗಳ ನಕಲಿಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ನೋಡಲು ತದ್ರೂಪು, ತಿರುಪಿದರೆ ಕಡ್ಡಿ ಬಾಗುತ್ತದೆ ಅಥವಾ ಮುರಿಯುತ್ತದೆ. ಕಡಿಮೆ ದರದ ಟೆಂಡರ್ ಎಂದು ಅದನ್ನೇ ತಂದರೆ ಕಿಟ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಇದೆ ಎಂದು ನಂಬಿ ಕೈ ಹಾಕಿರುತ್ತೀರಿ.

ಹೊಸಬ
ಟೂರ್ನಿಕೆ ಕಟ್ಟಿದರೆ ಕಾಲೇ ಕತ್ತರಿಸಬೇಕಾಗುತ್ತದೆ ಎಂದು ಕೇಳಿದ್ದೇನೆ. ಪೊಲೀಸರು ಕಟ್ಟಿ ಹೆಚ್ಚುಕಮ್ಮಿಯಾದರೆ?

ಪ್ರಥಮ ಚಿಕಿತ್ಸೆ ಬೋಧಕಿ
ಹಳೆಯ ಭಯ ಅದು, ನನ್ನ ಗುರುಗಳೂ ಹಾಗೇ ಕಲಿಸಿದ್ದರು. ಸೈನ್ಯದ ಅನುಭವ ಆ ಭಯವನ್ನು ಬದಲಿಸಿತು. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ಯುದ್ಧಭೂಮಿಯ ಚಿಕಿತ್ಸೆಯ ಹೊಸ ಮಾರ್ಗಸೂಚಿ ಬರೆದಾಗ ಕೈಕಾಲುಗಳ ಮಾರಕ ರಕ್ತಸ್ರಾವಕ್ಕೆ ಟೂರ್ನಿಕೆಯನ್ನು ಮುಂದಕ್ಕೆ ತಂದರು. ನಂತರ ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅದು ಜೀವ ಉಳಿಸಿದ್ದು ದಾಖಲಾಯಿತು. ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಟೂರ್ನಿಕೆಯಿಂದಲೇ ಕಾಲು ಹೋಗುವುದು ಅಪರೂಪ.

ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ. ರಕ್ತ ನಿಲ್ಲುವ ತನಕ ಬಿಗಿ. ಗಾಯಾಳು ನೋವಿಂದ ಕೂಗುತ್ತಾನೆ, ಕೂಗಿದನೆಂದು ಸಡಿಲಿಸಬಾರದು. ಕಟ್ಟಿದ ಸಮಯ ಬರೆಯಬೇಕು. ಕುತ್ತಿಗೆ, ಹೊಟ್ಟೆ, ಎದೆಗೆ ಟೂರ್ನಿಕೆ ಇಲ್ಲ. ತೊಡೆಸಂದು, ಕಂಕುಳಾದರೆ ಗಾಯದೊಳಗೆ ಬಟ್ಟೆ ತುರುಕಿ ಮೈಭಾರ ಹಾಕಿ ಒತ್ತಬೇಕು.

ರಾತ್ರಿ ಗಸ್ತು
ಮೇಡಂ, ಈ ನಾಲ್ಕು ಸಾಲು ಆ ಎರಡು ತಾಸಿನಲ್ಲಿ ನನಗೆ ಸಿಕ್ಕಿದ್ದಕ್ಕಿಂತ ಹೆಚ್ಚು. ಇದನ್ನು ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕಾನೂನು ಓದುವವಳು
ಹೊಸಬರ "ಹೆಚ್ಚುಕಮ್ಮಿಯಾದರೆ?" ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಮಾಡಿದ್ದರಿಂದ ತಪ್ಪಾದರೆ ಎಂದು ಎಲ್ಲರೂ ಹೆದರುತ್ತಾರೆ. ಮಾಡದೇ ಇದ್ದರೆ?

2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಹಿಡಿತದಲ್ಲಿ ಸತ್ತರು. ಅಲ್ಲಿದ್ದವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿತ್ತು, ಇಲಾಖೆಯ ನಿಯಮವೂ ನೆರವು ಕೊಡಬೇಕೆಂದು ಹೇಳುತ್ತಿತ್ತು. ಆದರೂ ನಾಡಿ ಸಿಗುತ್ತಿಲ್ಲ ಎಂದು ಗೊತ್ತಾದ ಮೇಲೂ ಎದೆ ಒತ್ತಲಿಲ್ಲ. 2022ರಲ್ಲಿ ಅಲ್ಲಿದ್ದ ಮೂವರು ಅಧಿಕಾರಿಗಳನ್ನು ಫೆಡರಲ್ ನ್ಯಾಯಾಲಯದ ಜ್ಯೂರಿ ವೈದ್ಯಕೀಯ ನೆರವು ಕೊಡದ ಕಾರಣಕ್ಕೆ ತಪ್ಪಿತಸ್ಥರೆಂದಿತು. ತರಬೇತಿಗೆ ಹಣ ಸುರಿದ ಮಾತ್ರಕ್ಕೆ ಮುಗಿಯುವುದಿಲ್ಲ ಎಂದು ಹೇಳಲು ಇದನ್ನು ಎತ್ತಿದೆ. ಬಂಧಿಸಿದವನೂ ರೋಗಿಯಾಗಬಲ್ಲ ಎಂಬ ಪಾಠ ಮೊದಲ ದಿನವೇ ಇರಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರೆ ಉಸಿರು ಕಟ್ಟಬಹುದು, ಕೈಕೋಳ ಹಾಕಿದ ಕೂಡಲೇ ಮಗ್ಗುಲಿಗೆ ಹೊರಳಿಸಿ ಎಂದು ಅಮೆರಿಕದ ನ್ಯಾಯ ಇಲಾಖೆ 1995ರಲ್ಲೇ ಎಚ್ಚರಿಕೆಯ ಟಿಪ್ಪಣಿ ಹೊರಡಿಸಿತ್ತು. ಈ ಪಾಠಕ್ಕೆ ಯಾವ ಕಿಟ್ ಬೇಕು ಹೇಳಿ.

ರಾತ್ರಿ ಗಸ್ತು
ಒಂದು ಪ್ರಕರಣ ಇಟ್ಟುಕೊಂಡು ಎಲ್ಲ ಪೊಲೀಸರನ್ನೂ ಅದೇ ತಕ್ಕಡಿಗೆ ಹಾಕಬೇಡಿ. ನಾವು ಜೀವ ಉಳಿಸಲು ಕಲಿಸಿ ಎನ್ನುತ್ತಿದ್ದೇವೆ.

ಕಾನೂನು ಓದುವವಳು
ಹಾಕುತ್ತಿಲ್ಲ ಅಣ್ಣ. ನೀವು ಕೇಳುತ್ತಿರುವ ತರಬೇತಿಯಲ್ಲಿ ಅದೂ ಸೇರಲಿ ಎನ್ನುತ್ತಿದ್ದೇನೆ. ಬಂಧನದಲ್ಲಿದ್ದವನ ಜೀವ ಉಳಿದರೆ ನಿಮ್ಮ ನೌಕರಿಯೂ ಉಳಿಯುತ್ತದೆ.

ಹಣದ ವಿಷಯಕ್ಕೂ ಒಂದು ತೀರ್ಪು ಇದೆ. ಅಮೆರಿಕದ ರಿವಿಯರ್ ನಗರದ ಪೊಲೀಸರ ಗುಂಡಿನಿಂದ ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದರು. ಬಿಲ್ ಯಾರು ಕಟ್ಟಬೇಕೆಂದು ಆಸ್ಪತ್ರೆ ನಗರದ ಮೇಲೆ ದಾವೆ ಹೂಡಿತು. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪೊಲೀಸರು ಹಿಡಿಯುವಾಗ ಗಾಯಗೊಂಡವನಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಸಾಂವಿಧಾನಿಕ ಹೊಣೆ, ಖರ್ಚು ಯಾರ ಪಾಲು ಎನ್ನುವುದನ್ನು ರಾಜ್ಯದ ಕಾನೂನು ತೀರ್ಮಾನಿಸಲಿ. ಕರ್ತವ್ಯ ಮೊದಲು, ಪಾಲುಪಟ್ಟಿ ಆಮೇಲೆ. ನಮ್ಮ ಚರ್ಚೆಗೂ ಈ ಕ್ರಮವೇ ಸರಿ ಎನಿಸುತ್ತದೆ.

ತೆರಿಗೆ ಕಟ್ಟುವವನು
ಸರಿ, ನನ್ನ ಮೊದಲ ನಿಲುವಿನಿಂದ ಸ್ವಲ್ಪ ಸರಿಯುತ್ತೇನೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ಕಲಿಸುವ ಬದಲು ಪೊಲೀಸರು ಗಾಯಾಳುವನ್ನು ತಮ್ಮ ವಾಹನದಲ್ಲೇ ಆಸ್ಪತ್ರೆಗೆ ಒಯ್ಯಬಾರದೇ? ಖರ್ಚಿಲ್ಲ.

ಓದುತ್ತಲೇ ಇರುವವನು
ಅಮೆರಿಕದ ಫಿಲಡೆಲ್ಫಿಯಾದಲ್ಲಿ 1980ರ ದಶಕದಿಂದ ಅದನ್ನೇ ಮಾಡುತ್ತಾರೆ. ಗುಂಡು, ಚಾಕುವಿನ ಗಾಯವಾದರೆ ಆಂಬ್ಯುಲೆನ್ಸಿಗೆ ಕಾಯದೆ ಪೊಲೀಸ್ ಕಾರಿನಲ್ಲೇ ಹಾಕಿಕೊಂಡು ಓಡುತ್ತಾರೆ. ನಾಲ್ಕು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಗಾಯದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಒಟ್ಟಾರೆ ಸಾವಿನ ಪ್ರಮಾಣದಲ್ಲಿ ಪೊಲೀಸ್ ಕಾರಿಗೂ ಆಂಬ್ಯುಲೆನ್ಸಿಗೂ ವ್ಯತ್ಯಾಸ ಕಾಣಲಿಲ್ಲ. ತೀವ್ರವಾಗಿ ಗಾಯಗೊಂಡವರಲ್ಲಿ ಪೊಲೀಸ್ ಕಾರಿನಲ್ಲಿ ಬಂದವರ ಪಾಡು ಮೇಲಾಗಿಯೇ ಇತ್ತು.

ಆಂಬ್ಯುಲೆನ್ಸ್ ಚಾಲಕ
ಅದು ದೊಡ್ಡ ಆಸ್ಪತ್ರೆಗಳು ಹತ್ತಿರ ಹತ್ತಿರ ಇರುವ ನಗರ. ಆಸ್ಪತ್ರೆ ಮುಕ್ಕಾಲು ಗಂಟೆ ದೂರ ಇರುವ ಕಡೆ ರಕ್ತ ನಿಲ್ಲಿಸದೆ ಓಡಿದರೆ ಹೆಣ ತಲುಪುತ್ತದೆ. ಬೆನ್ನುಮೂಳೆ ಮುರಿದವನನ್ನು ಹಿಂದಿನ ಸೀಟಿಗೆ ಮಡಚಿ ತುರುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವಾಗ ಓಡಬೇಕು, ಯಾವಾಗ ಅಲುಗಾಡಿಸಬಾರದು ಎಂದು ತೀರ್ಮಾನಿಸುವುದಕ್ಕೂ ತರಬೇತಿಯೇ ಬೇಕು. ಖರ್ಚಿಲ್ಲ ಎಂದಿರಿ, ಇಲ್ಲಿಗೇ ತಿರುಗಿ ಬಂದೆವು.

ಹೊಸಬ
ಅಪಘಾತವಾದವನ ಹೆಲ್ಮೆಟ್ ತೆಗೆಯಬೇಕೋ ಬೇಡವೋ?

ಆಂಬ್ಯುಲೆನ್ಸ್ ಚಾಲಕ
ಉಸಿರಾಡುತ್ತಿದ್ದರೆ ಹಾಗೇ ಬಿಡಿ, ತಲೆ ಅಲುಗದಂತೆ ಹಿಡಿದುಕೊಳ್ಳಿ. ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಅಥವಾ ಉಸಿರೇ ಇಲ್ಲದಿದ್ದರೆ ಇಬ್ಬರು ಸೇರಿ ತೆಗೆಯಬೇಕು. ಒಬ್ಬರು ಕುತ್ತಿಗೆ ಆಧರಿಸಬೇಕು, ಇನ್ನೊಬ್ಬರು ನಿಧಾನವಾಗಿ ಎಳೆಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಮಾತ್ರ ಹಾಕಬೇಡಿ.

ತರಬೇತಿ ಕೋಣೆ
ಮೂಲ ಪ್ರಶ್ನೆಗೆ ಬರೋಣ. ಲೆಕ್ಕಪತ್ರದವರೇ, ಉತ್ತರ ನಾನೇ ಬರೆದುಕೊಡಬೇಕು ಎಂದಿರಿ. ಹೇಗೆ ಬರೆಯಲಿ? ದಾನ ತೆಗೆದುಕೊಳ್ಳುವುದೋ ಬಿಡುವುದೋ?

ಲೆಕ್ಕಪತ್ರದ ನಿವೃತ್ತ
ತೆಗೆದುಕೊಳ್ಳಿ, ಆದರೆ ಷರತ್ತು ಹಾಕಿ. ದಾನಿಗಳು ಒಮ್ಮೆ ಮಾತ್ರ ಕೊಳ್ಳುವ ವಸ್ತುಗಳನ್ನು ಕೊಡಲಿ: ಬೊಂಬೆಗಳು, ಅಭ್ಯಾಸದ ಟೂರ್ನಿಕೆಗಳು, ಮೊದಲ ಸುತ್ತಿನ ಕಿಟ್. ಮುನ್ನೂರು ಜನರಿಗೆ ಒಂದು ದಿನ ಭಾಷಣ ಮಾಡಿಸುವ ಹಣವನ್ನು ಠಾಣೆಗೆ ಇಬ್ಬರಂತೆ ಆಯ್ದು ಅವರನ್ನು ಬೋಧಕರನ್ನಾಗಿ ಮಾಡಲು ಬಳಸಿ. ಆ ಇಬ್ಬರು ಇಲಾಖೆಯಲ್ಲೇ ಉಳಿಯುತ್ತಾರೆ, ದಾನಿ ಹೋದರೂ ಕಲಿಸುತ್ತಾರೆ.

ಪ್ರತಿವರ್ಷ ಬರುವ ಖರ್ಚು ಮಾತ್ರ ಇಲಾಖೆಯದೇ ಆಗಿರಬೇಕು. ಬಳಸಿದ್ದಕ್ಕೆ ಬದಲಿ, ಅವಧಿ ಮುಗಿದದ್ದಕ್ಕೆ ಬದಲಿ, ಬೋಧಕರ ಮರುಪ್ರಮಾಣೀಕರಣ, ಪಾಳಿ ಬದಲಿಯ ಭತ್ಯೆ. ಇವನ್ನು 'ಇತರೆ ವೆಚ್ಚ'ದಲ್ಲಿ ತೂರಿಸಬೇಡಿ, ಮೊದಲ ಕಡಿತ ಬೀಳುವುದೇ ಅಲ್ಲಿ. ಗುಂಡು ಹೊಡೆಯುವ ವಾರ್ಷಿಕ ಅಭ್ಯಾಸ ಯಾವ ಲೆಕ್ಕಶೀರ್ಷಿಕೆಯಲ್ಲಿದೆಯೋ ಅದರಡಿಯಲ್ಲೇ ಕೇಳಿ. ಗುಂಡಿನ ಅಭ್ಯಾಸಕ್ಕೆ ಪ್ರತಿವರ್ಷ ದಾನಿ ಹುಡುಕುತ್ತೀರಾ? ಎಷ್ಟೋ ಪೊಲೀಸರು ನೌಕರಿ ಪೂರ್ತಿ ಒಂದು ಗುಂಡೂ ಹಾರಿಸದೆ ನಿವೃತ್ತರಾಗುತ್ತಾರೆ. ಗಾಯಾಳುವನ್ನು ಕಾಣದೆ ನಿವೃತ್ತನಾದ ಪೊಲೀಸನನ್ನು ನಾನು ನೋಡಿಲ್ಲ.

ಓದುತ್ತಲೇ ಇರುವವನು
ಕಿಟ್ ದುಬಾರಿಯಾಗಬೇಕಿಲ್ಲ ಎನ್ನುವುದಕ್ಕೆ ಒಂದು ದಾಖಲೆ ಇದೆ, ಕಡತಕ್ಕೆ ಸೇರಿಸಿ. 2011ರ ಜನವರಿಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಸಭೆಯ ಮೇಲೆ ಗುಂಡಿನ ದಾಳಿಯಾಯಿತು. ಆರು ಜನ ಸತ್ತರು. ಅಲ್ಲಿನ ಪಿಮಾ ಕೌಂಟಿಯ (ಜಿಲ್ಲೆಯ) ಪೊಲೀಸರಾದ ಶೆರಿಫ್ ಇಲಾಖೆಯ ಸಿಬ್ಬಂದಿಗೆ ಅದಕ್ಕೆ ಕೆಲವು ತಿಂಗಳು ಮೊದಲಷ್ಟೇ 'ಮೊದಲ ಐದು ನಿಮಿಷ' ಎಂಬ ತರಬೇತಿ ಆಗಿತ್ತು, ಸುಮಾರು 99 ಡಾಲರ್‌ನ ಕಿಟ್ ಕೊಟ್ಟಿದ್ದರು. ಆಂಬ್ಯುಲೆನ್ಸಿನವರನ್ನು ಒಳಗೆ ಬಿಡುವ ಮೊದಲೇ ಅವರು ಟೂರ್ನಿಕೆ, ಎದೆಗಾಯಕ್ಕೆ ಮುಚ್ಚುವ ಪಟ್ಟಿ, ರಕ್ತ ಹೆಪ್ಪುಗಟ್ಟಿಸುವ ಬಟ್ಟೆ ಬಳಸಿದರು.

ತುರ್ತು ಘಟಕದ ನರ್ಸ್
ಒಂದು ಬೇಡಿಕೆ ಸೇರಿಸಿ. ಪೊಲೀಸರು ಕರೆತಂದ ಗಾಯಾಳುವಿಗೆ ಮುಂದೆ ಏನಾಯಿತು ಎಂದು ಆಸ್ಪತ್ರೆಯಿಂದ ಅವರಿಗೆ ತಿಳಿಸುವ ವ್ಯವಸ್ಥೆ ಇರಲಿ, ಹೆಸರು ಬೇಡ, 'ಬದುಕಿದರು' ಅಥವಾ 'ಉಳಿಯಲಿಲ್ಲ' ಎಂದರೆ ಸಾಕು. ನಮ್ಮಲ್ಲಿಗೆ ಕರೆತಂದು ಬಿಟ್ಟುಹೋದ ಎಷ್ಟೋ ಪೊಲೀಸರು ವಾರ ಬಿಟ್ಟು ಬಾಗಿಲಲ್ಲಿ ನಿಂತು ಹಿಂಜರಿಯುತ್ತಾ ಕೇಳುತ್ತಾರೆ. ಖರ್ಚಿಲ್ಲದ ಕೆಲಸ ಇದು. ಜೊತೆಗೆ, ಮುಂದಿನ ವರ್ಷ ಹಣ ಕೇಳುವಾಗ ನಿಮ್ಮ ಕೈಯಲ್ಲಿ ನಿಮ್ಮದೇ ಲೆಕ್ಕ ಇರುತ್ತದೆ.

ತೆರಿಗೆ ಕಟ್ಟುವವನು
ಆ ಲೆಕ್ಕ ವರ್ಷಕ್ಕೊಮ್ಮೆ ಬಹಿರಂಗವಾಗಿ ಪ್ರಕಟವಾಗುವುದಾದರೆ ನನ್ನ ಆಕ್ಷೇಪವಿಲ್ಲ. ಎಷ್ಟು ಜನ ಕಲಿತರು, ಎಷ್ಟು ಕಿಟ್ ಬಳಕೆಯಾಯಿತು, ಎಷ್ಟಕ್ಕೆ ಬದಲಿ ಬಂತು. ನನ್ನ ತೆರಿಗೆ ಇದಕ್ಕೆ ಹೋಗಲಿ.

ರಾತ್ರಿ ಗಸ್ತು
ಮತ್ತು ಬೀಗ ಬೇಡ. ಬಳಸಿದವನು ಒಂದು ಸಾಲು ಬರೆದುಕೊಟ್ಟರೆ ಅದೇ ದಿನ ಬದಲಿ ಸಿಗಬೇಕು, ಅವನ ಸಂಬಳ ಮುಟ್ಟುವಂತಿಲ್ಲ ಎಂದು ಆದೇಶದಲ್ಲಿ ಬರೆಸಿ.

ತರಬೇತಿ ಕೋಣೆ
ಬರೆದೆ. ದಾನಿಗಳಿಗೆ ನಿನ್ನೆಯೇ ಫೋನ್ ಮಾಡಿದ್ದೆ. ಬೊಂಬೆ ಮತ್ತು ಬೋಧಕರ ತರಬೇತಿಗೆ ಹಣ ಬದಲಿಸಲು ಒಪ್ಪಿದರು. ಸಮಾರಂಭ ಬೇಕು ಎಂದರು. ಆಗಲಿ ಎಂದೆ, ಆದರೆ ಆ ದಿನ ಭಾಷಣದ ಬದಲು ಅವರೂ ಬೊಂಬೆಯ ಎದೆ ಒತ್ತಿ ಕಲಿಯಬೇಕು ಎಂದು ಕೇಳಿಕೊಂಡಿದ್ದೇನೆ. ವಾರ್ಷಿಕ ಖರ್ಚಿನ ಕೋರಿಕೆಯನ್ನು ಗುಂಡಿನ ಅಭ್ಯಾಸದ ಲೆಕ್ಕಶೀರ್ಷಿಕೆಯ ಪಕ್ಕದಲ್ಲೇ ಇಟ್ಟು ಕಡತ ಮೇಲಕ್ಕೆ ಕಳಿಸಿದೆ. ಮೊದಲ ತಂಡದ ಬೋಧಕರ ಪಟ್ಟಿಯಲ್ಲಿ ಆ ಕಿರಿಯವನ ಹೆಸರು ಬರೆದಿದ್ದೇನೆ. ಅವನೇ ಕೇಳಿಕೊಂಡ.

ಕಾನ್‌ಸ್ಟೇಬಲ್ ಮನೆಯವಳು
ಬೇರೆ ಕಡೆಯ ಪೊಲೀಸರು ಬಂದು ಕಲಿಯಬಹುದೇ? ನಮ್ಮ ಯಜಮಾನರಿಗೆ ಕೇಳುತ್ತಿದ್ದೇನೆ.

ತರಬೇತಿ ಕೋಣೆ
ಬರಲಿ ಅಮ್ಮ. ಒಂದು ಜಾಗ ತೆಗೆದಿಡುತ್ತೇನೆ.